ಅತ್ತೆ ಮುಟ್ಟಿದರೆ ಆಡುವ ಟಿವಿ ಗೇಮು

ಆಷಾಢಕ್ಕೆಂದು ತವರಿಗೆ ಬಂದ ಹೊಸ ಸೊಸೆಯನ್ನು ಶ್ರಾವಣ ಬಂದೊಡನೆ ಗಂಡನ ಮನೆಯವರು ಬಂದು ಕರೆದುಕೊಂಡು ಹೋಗಬೇಕು. ಎಲ್ಲರ ಮನೆಯಲ್ಲೂ ಹಾಗೇ ನಡೆಯುತ್ತದೆ. ಮುಳಬಾಗಿಲಿನ ವೆಂಕಟಲಕ್ಷ್ಮಿಯನ್ನು ಕರೆಯಲು ಮಾತ್ರ ಯಾರೂ ಬರಲಿಲ್ಲ. ಶ್ರೀನಿವಾಸಪುರದಲ್ಲಿ ಮಾವಿನ ಮಂಡಿ ಇಟ್ಟಿದ್ದ ಆ ಮನೆಗೆ ಇವಳು ಕಾಲಿಟ್ಟ ತಿಂಗಳೊಳಗೆ ಮಾವ ಬಚ್ಚಲಲ್ಲಿ ಜಾರಿ ಬಿದ್ದು ತೀರಿಕೊಂಡಿದ್ದರು. ಕಣ್ಣು ಕಾಣದ ಮುದುಕ, ಪಾಚಿ ಕಟ್ಟಿದ ಬಚ್ಚಲು, ಆದರೂ ತಪ್ಪು ಸೊಸೆಯ ಕಾಲ್ಗುಣದ್ದು. ಕರೆಯಲೂ ಬರಲಿಲ್ಲ, ಬಿಟ್ಟೆವು ಎಂದು ಹೇಳಿ ಕಳಿಸಲೂ ಇಲ್ಲ. ಅಷ್ಟು ಮರ್ಯಾದೆಯಾದರೂ ಬೇಡವೇ?

ಅಣ್ಣ ಪ್ರಹ್ಲಾದ ಕೆಟ್ಟವನಲ್ಲ. ನಂಗಲಿಯ ಲಾರಿ ಆಫೀಸಿನಲ್ಲಿ ಲೆಕ್ಕ ಬರೆಯುತ್ತಿದ್ದ. ತಂಗಿಗೆ ಹೋಗು ಅಂದವನಲ್ಲ, ಇರು ಅಂತಲೂ ಅವನ ಬಾಯಿಂದ ಬಂದದ್ದಿಲ್ಲ. ಅತ್ತಿಗೆ ಇನ್ನೂ ಜಾಣೆ. ಬೈದರೆ ನಾಲ್ಕು ಜನ ಆಡಿಕೊಳ್ಳುತ್ತಾರೆಂದು ಮಾತೇ ಆಡುತ್ತಿರಲಿಲ್ಲ. ರುಬ್ಬುವುದು, ಒಗೆಯುವುದು, ನೀರು ತುಂಬುವುದು ಎಲ್ಲವನ್ನೂ ವೆಂಕಟಲಕ್ಷ್ಮಿ ಹೇಳಿಸಿಕೊಳ್ಳದೆ ಮಾಡಿ ಮುಗಿಸುತ್ತಿದ್ದಳು. ಹೀಗಾಗಿ ಅವಳನ್ನು ಕೂಗಿ ಕರೆಯುವ ಪ್ರಮೇಯವೇ ಯಾರಿಗೂ ಬರುತ್ತಿರಲಿಲ್ಲ. ತುಂಬಿದ ಮನೆಯಲ್ಲಿ ಯಾರಿಂದಲೂ ಕರೆಸಿಕೊಳ್ಳದೆ ಒಂದು ವರ್ಷ ಇದ್ದು ನೋಡಿ, ಗೊತ್ತಾಗುತ್ತದೆ.

ತೊಂಬತ್ನಾಲ್ಕನೇ ಇಸವಿಯಲ್ಲಿ ಲಾರಿ ಮಾಲೀಕರು ಪ್ರಹ್ಲಾದನ ಒಬ್ಬಳೇ ಮಗಳು ವಿಭಾ ಆಡಿಕೊಳ್ಳಲೆಂದು ಮದ್ರಾಸಿನಿಂದ ಒಂದು ಟಿವಿ ಗೇಮು ತರಿಸಿಕೊಟ್ಟರು. ಬೂದು ಬಣ್ಣದ ಪೆಟ್ಟಿಗೆ, ಎರಡು ಜಾಯ್‌ಸ್ಟಿಕ್ಕು, ಮೇಲೆ ಸಿಕ್ಕಿಸಲು ಹಳದಿ ಕ್ಯಾಸೆಟ್ಟು. ವಿಭಾಗೆ ಆಗ ಎಂಟು ವರ್ಷ. ಒಂದಷ್ಟು ದಿನ ಕುಣಿದು ಕುಪ್ಪಳಿಸಿ ಆಡಿದಳು. ಆಮೇಲೆ ಟಿವಿ ತುಂಬ ಬರೀ ಗೆರೆ. ಅಟ್ಟಕ್ಕೆ ಹಾಕಿ ಅತ್ಲಾಗೆ ಎಂದ ಪ್ರಹ್ಲಾದ. ಹುಡುಗಿ ಅತ್ತೂ ಅತ್ತೂ ಊಟ ಬಿಟ್ಟಳು.

ಮನೆಗೆ ಬಂದು ಟಿವಿ ರಿಪೇರಿ ಮಾಡುತ್ತಿದ್ದ ಚನ್ನರಾಯಪ್ಪನ ಕೈಕೆಲಸವನ್ನು ವೆಂಕಟಲಕ್ಷ್ಮಿ ಬಾಗಿಲ ಮರೆಯಲ್ಲಿ ನಿಂತು ನೋಡಿದ್ದಳು. ಆಗಿದ್ದಾಗಲಿ ಎಂದು ಪೆಟ್ಟಿಗೆ ಬಿಚ್ಚಿದಳು. ಕ್ಯಾಸೆಟ್ಟಿನ ತಾಮ್ರದ ಪಟ್ಟಿಗಳನ್ನು ವಿಭಾಳ ರಬ್ಬರಿನಿಂದ ಉಜ್ಜಿದಳು. ದೇವರ ಬತ್ತಿಗೆ ಇಟ್ಟಿದ್ದ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಒಳಗೆಲ್ಲ ಒರೆಸಿದಳು. ಬಗ್ಗಿದ್ದ ಪಿನ್ನುಗಳನ್ನು ಸೂಜಿಯಿಂದ ಒಂದೊಂದಾಗಿ ಎತ್ತಿ ನಿಲ್ಲಿಸಿದಳು. ಆನ್ ಮಾಡಿದರೆ ಗೊಂಬೆಗಳು ನಿಚ್ಚಳವಾಗಿ ಓಡಾಡಿದವು. ಅತ್ತೆ ಕೈಗುಣ ದೊಡ್ಡದು ಎಂದು ವಿಭಾ ಬೀದಿಗೆಲ್ಲ ಕೇಳುವಂತೆ ಕೂಗಿಕೊಂಡು ಹೋದಳು. ಅವತ್ತು ವೆಂಕಟಲಕ್ಷ್ಮಿ ಸಾರಿಗೆ ಎರಡು ಸಲ ಉಪ್ಪು ಹಾಕಿದಳು.

ಅಲ್ಲಿಂದ ಮುಂದೆ ಆ ಪೆಟ್ಟಿಗೆಯ ಬಾಣಂತನವೆಲ್ಲ ಅವಳದೇ. ಚನ್ನರಾಯಪ್ಪ ಬಿಸಾಡಲು ಇಟ್ಟಿದ್ದ ಹಳೇ ಸಾಲ್ಡರಿಂಗ್ ಐರನ್ ಇಸಿದುಕೊಂಡಳು. ಬಟನ್ನುಗಳ ಕೆಳಗಿನ ರಬ್ಬರು ಸವೆದಾಗ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದವನ್ನು ಕತ್ತರಿಸಿ ಅಂಟಿಸಿದಳು. ಮಡಿ ಮನೆಯೊಳಗೆ ಸಿಗರೇಟು ಪ್ಯಾಕು ಎಲ್ಲಿಂದ ಬಂತೆಂದು ಅತ್ತಿಗೆ ಅವತ್ತೇನೋ ಬಾಯಿ ಬಿಟ್ಟಳು. ಜಾಯ್‌ಸ್ಟಿಕ್ಕಿನ ವೈರು ಕಿತ್ತಾಗಲೆಲ್ಲ ಇವಳು ಕತ್ತರಿಸಿ ಸೇರಿಸಿ, ಕತ್ತರಿಸಿ ಸೇರಿಸಿ, ಕೊನೆಗೆ ವಿಭಾ ಟಿವಿಗೆ ಮೂಗು ತಾಗಿಸಿ ಕೂರಬೇಕಾಯಿತು.

ಆದರೆ ರಿಪೇರಿ ಚೆನ್ನಾಗಿ ಮಾಡುವುದರಲ್ಲಿ ಒಂದು ಕಷ್ಟವಿದೆ. ಸರಿಹೋದದ್ದು ಮತ್ತೆ ಕೆಡುವವರೆಗೆ ಮಾಡಿದವರ ನೆನಪು ಯಾರಿಗೂ ಇರುವುದಿಲ್ಲ. ಒಂದು ಬೇಸಿಗೆ ರಜೆ ಪೂರ್ತಿ ಗೇಮು ಒಂದು ಚೂರೂ ತಕರಾರು ಮಾಡಲಿಲ್ಲ. ಬೀದಿಯ ಮಕ್ಕಳೆಲ್ಲ ಬಂದು ಆಡಿ ಹೋದರು, ಒಂದು ದಿನವೂ ಯಾರೂ ಅತ್ತೆ ಎನ್ನಲಿಲ್ಲ. ರಜೆ ಮುಗಿಯುವ ಹೊತ್ತಿಗೆ ಅವಳು ಪೆಟ್ಟಿಗೆ ಬಿಚ್ಚಿ, ಅಡಾಪ್ಟರ್ ಸಿಕ್ಕಿಸುವ ಕಡೆ ಒಂದು ವೈರಿನ ಬೆಸುಗೆ ತೆಗೆದು, ಸುಮ್ಮನೆ ತಾಗಿಸಿಟ್ಟಳು. ಹಿಂಭಾಗದಲ್ಲಿ ಹೆಬ್ಬೆರಳು ಒತ್ತಿ, ಪೆಟ್ಟಿಗೆಯನ್ನು ಚೂರು ವಾಲಿಸಿ ಸ್ವಿಚ್ ಒತ್ತಿದರೆ ಆನ್ ಆಗುತ್ತಿತ್ತು. ಆ ಜಾಗ ಅವಳೊಬ್ಬಳಿಗೇ ಗೊತ್ತು. ಮೋಸ ಅನ್ನಿ, ಏನಾದರೂ ಅನ್ನಿ. ಮಾರನೆಯ ದಿನದಿಂದ "ಅತ್ತೆ, ಬಾ" ಎಂಬ ಕೂಗು ಮನೆಯಲ್ಲಿ ಮತ್ತೆ ಕೇಳತೊಡಗಿತು. ವಿಭಾ ಹೈಸ್ಕೂಲು ದಾಟಿ ಕಾಲೇಜಿಗೆ ಕೋಲಾರದ ಬಸ್ಸು ಹತ್ತುವ ಕಾಲಕ್ಕೂ, ಬೇಸರವಾದಾಗ ಅದನ್ನು ಇಳಿಸಿ ಅದೇ ಕೂಗು ಹಾಕುತ್ತಿದ್ದಳು. ಅಷ್ಟರಲ್ಲಿ ಊರಿನವರ ಮನೆಗಳಲ್ಲಿ ಅಂಥ ಗೇಮು ಒಂದೂ ಉಳಿದಿರಲಿಲ್ಲ.

ಎರಡು ಸಾವಿರದ ಆರರ ಕಾರ್ತೀಕದಲ್ಲಿ ಮಾಲೂರಿನಿಂದ ವಿಭಾಳನ್ನು ನೋಡಲು ಗಂಡಿನವರು ಬಂದರು. ಅತ್ತಿಗೆ ಹಿಂದಿನ ದಿನವೇ ನಾದಿನಿಯನ್ನು ಕರೆದು, ಅವರು ಹೋಗುವವರೆಗೆ ಹೊರಗೆ ಬರಬೇಡ ಅಂದಿದ್ದಳು. ವೆಂಕಟಲಕ್ಷ್ಮಿಗೆ ಸಂಕಟವಾಯಿತು, ಆದರೂ ವಿಭಾಳ ಒಳ್ಳೆಯದಕ್ಕೆ ತಾನೇ ಎಂದು ಒಪ್ಪಿ, ಅಡುಗೆಮನೆಯಲ್ಲಿ ಕೇಸರಿಬಾತು ಕೆದಕುತ್ತಾ ನಿಂತಿದ್ದಳು.

ಹುಡುಗನ ಅಕ್ಕನ ಮಗು ಒಂದೇ ಸಮನೆ ಅಳಲು ಹಿಡಿಯಿತು. ಸುಮ್ಮನಿರಿಸಲೆಂದು ಪ್ರಹ್ಲಾದ ಗೇಮು ತಂದು ಟಿವಿಗೆ ಸಿಕ್ಕಿಸಿದ. ಸ್ವಿಚ್ ಒತ್ತಿದರೆ ಆನ್ ಆಗಲಿಲ್ಲ. ಹುಡುಗ ತಾನೇ ಎದ್ದು ಬಂದು ಒತ್ತಿದ, ಆಗಲೂ ಇಲ್ಲ. ಮಗುವಿನ ರಾಗ ತಾರಕಕ್ಕೇರಿತು. ತಲೆ ತಗ್ಗಿಸಿ ಕೂತಿದ್ದ ವಿಭಾಳ ಬಾಯಿಂದ ಹನ್ನೆರಡು ವರ್ಷದ ಅಭ್ಯಾಸ ಹಾಗೇ ಹೊರಬಿತ್ತು.

"ಅತ್ತೆ, ಬಾ."

ಕೇಳಿಸದಂತೆ ಇದ್ದುಬಿಡಬಹುದಿತ್ತು. ಇರಬೇಕಿತ್ತು! ಆದರೆ ವೆಂಕಟಲಕ್ಷ್ಮಿ ಸೌಟು ಇಟ್ಟು, ಸೆರಗಿಗೆ ಕೈ ಒರೆಸಿಕೊಂಡು ಬಂದೇಬಿಟ್ಟಳು. ಹೆಬ್ಬೆರಳು ಒತ್ತಿ ಪೆಟ್ಟಿಗೆ ವಾಲಿಸಿದಳು. ಗೇಮು ಹಾಡಿತು, ಮಗು ಅಳು ನಿಲ್ಲಿಸಿತು, ಎಲ್ಲರೂ ನಕ್ಕರು. ಹುಡುಗನ ತಾಯಿಯೂ ನಗುತ್ತಲೇ ಇವರು ಯಾರು ಎಂದು ಕೇಳಿದರು. ನಾದಿನಿ, ಶ್ರೀನಿವಾಸಪುರಕ್ಕೆ ಕೊಟ್ಟಿದೆ, ದೀಪಾವಳಿಗೆ ಬಂದಿದ್ದಾಳೆ ಎಂದಳು ಅತ್ತಿಗೆ.

"ದೀಪಾವಳಿ ಆಗಿ ಇಷ್ಟು ದಿನ ಆಯ್ತಲ್ಲಮ್ಮ," ಎಂದರು ಆಕೆ. "ಇನ್ನೂ ಯಾರೂ ಕರ್ಕೊಂಡ್ ಹೋಗೋಕೆ ಬಂದಿಲ್ವಾ?"

ಅತ್ತಿಗೆ ಕೇಸರಿಬಾತು ತರಲೆಂದು ಎದ್ದು ಒಳಗೆ ಹೋದಳು. ನಾಲ್ಕು ದಿನ ಬಿಟ್ಟು ಮಧ್ಯಸ್ಥರು ಬಂದು ಸಂಬಂಧ ಬೇಡವಂತೆ ಎಂದರು. ಗಂಡ ಬಿಟ್ಟವಳ ಕೈಯಲ್ಲಿ ಬೆಳೆದ ಹುಡುಗಿ ನಾಳೆ ಹೇಗೋ ಏನೋ ಅಂದರಂತೆ. ಪ್ರಹ್ಲಾದ ಪಂಚಾಂಗ ಮಡಚಿಟ್ಟು ಎದ್ದುಹೋದ. ವಿಭಾಗೆ ಹುಡುಗ ಹಿಡಿಸಿದ್ದ. ಕಣ್ಣು ಊದಿಸಿಕೊಂಡು ಅಡುಗೆಮನೆ ಬಾಗಿಲಲ್ಲಿ ನಿಂತಳು.

"ಕರೆದ ತಕ್ಷಣ ಬಂದ್ಬಿಡೋದಾ ಅತ್ತೆ? ನಿಂಗಾದ್ರೂ ಗೊತ್ತಾಗ್ಬೇಡ್ವಾ?"

ಕರೆದದ್ದು ಯಾರು ಎಂಬುದು ಅವಳಿಗೆ ಆಗಲೇ ಮರೆತಿತ್ತು. ವೆಂಕಟಲಕ್ಷ್ಮಿಗೆ ಸಿಟ್ಟು ಬರಬೇಕಿತ್ತು, ಬಂದದ್ದು ನಾಚಿಕೆ. ಆ ವೈರನ್ನು ಹಾಗಿಟ್ಟವಳು ತಾನೇ. ಮನೆಯವರೆಲ್ಲ ಒಂದು ಮುಂಜಿಗೆ ಹೋದ ದಿನ ಪೆಟ್ಟಿಗೆ ಬಿಚ್ಚಿ, ಐರನ್ ಕಾಯಿಸಿ, ವೈರನ್ನು ಅದರ ಜಾಗದಲ್ಲಿ ಗಟ್ಟಿಯಾಗಿ ಬೆಸೆದಳು. ಎರಡು ಸಲ ಎಳೆದು ನೋಡಿದಳು. ಇನ್ನು ಅದಕ್ಕೆ ಅವಳು ಬೇಕಾಗಿರಲಿಲ್ಲ.

ಅವರೆಕಾಯಿ ಕಾಲ ಬಂತು. ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಕೂತು ಅವರೆಕಾಳು ಹಿದುಕುತ್ತಿದ್ದಾಗ ನಡುಮನೆಯಿಂದ ಗೇಮಿನ ಹಾಡು ಕೇಳಿಸಿತು. ವಿಭಾ ತಾನೇ ಹಾಕಿಕೊಂಡಿದ್ದಳು. ಒಂದು ಆಟ ಮುಗಿಯಿತು, ಇನ್ನೊಂದು ಶುರುವಾಯಿತು. ಅತ್ತಿಗೆ ಹೋಗಿ ಮಗಳ ಪಕ್ಕ ಕೂತದ್ದೂ ಕೇಳಿಸಿತು.

"ನೋಡಮ್ಮ," ವಿಭಾ ಹೇಳುತ್ತಿದ್ದಳು, "ಅತ್ತೆ ಕೈ ಹಾಕೋದು ಬಿಟ್ಮೇಲೆ ಎಷ್ಟು ಚೆನ್ನಾಗಿ ಆಡ್ತಿದೆ."

ವೆಂಕಟಲಕ್ಷ್ಮಿ ಕಾಳು ಹಿದುಕುತ್ತಲೇ ಇದ್ದಳು. ಅದಕ್ಕೆ ಕೊಡುವ ಉತ್ತರ ಅವಳ ಹತ್ತಿರ ಇತ್ತು. ಆದರೆ ಅದನ್ನು ಹೇಳಿದ ಮೇಲೆ ಆ ಮನೆಯಲ್ಲಿ ಇರುವುದಕ್ಕೆ ಆಗುತ್ತಿರಲಿಲ್ಲ, ಹೋಗುವುದಕ್ಕೆ ಬೇರೆ ಮನೆ ಇರಲಿಲ್ಲ.