ನನ್ನ ಟ್ರಂಕಿನ ಬೀಗ

ನೀಲಾ, ನಿನ್ನ ಅವ್ವ ನಿನ್ನನ್ನು ಮರೆತಿರಲಿಲ್ಲ. ಚೊಚ್ಚಲ ಹೆರಿಗೆಗೆ ನಿನ್ನನ್ನು ಕರೆದೊಯ್ಯುತ್ತೇನೆಂದು ಆಕೆ ಬರೆಸಿದ ಕಾಗದವನ್ನು ಮುಚ್ಚಿಟ್ಟವಳು ನಾನು — ನಿನ್ನ ನೆಗೆಣ್ಣಿ, ನೀನು ಬಾಯಿ ತುಂಬ ಅಕ್ಕಾ ಎಂದು ಕರೆಯುವ ನಾನು.

ಮನೆಯ ಹೆಂಗಸರಲ್ಲಿ ಓದುಬರಹ ಬಲ್ಲವಳು ನಾನೊಬ್ಬಳೇ. ನಾಲ್ಕನೇ ಇಯತ್ತೆ ಕಲಿತ ಜಂಬ ಬೇರೆ! ಹುಬ್ಬಳ್ಳಿಯ ನಮ್ಮ ಮನೆಗೆ ಟಪಾಲು ಬಂದರೆ ಅತ್ತೆ ಸೀದಾ ನನ್ನ ಕೈಗೆ ಕೊಡುತ್ತಿದ್ದರು. ಅಂದು ಅವರು ಮಠಕ್ಕೆ ಹೋಗಿದ್ದರು. ನಿನ್ನ ತವರು ಹೆಬಸೂರಿನ ಮಾಸ್ತರರ ಕೈಯಲ್ಲಿ ನಿನ್ನ ಅವ್ವ ತನ್ನದೇ ಮಾತಿನಲ್ಲಿ ಬರೆಸಿದ್ದಳು: “ನೀಲಾ ಸಣ್ಣಾಕಿ ಇದ್ದಾಗಿಂದ ಅಂಜಬುರಕಿ. ಹೆರಿಗಿ ಹೊತ್ತಿನ್ಯಾಗ ನಾ ಬಾಜೂಕ ಇರಬೇಕ್ರಿ. ನೀವು ಹ್ಞೂಂ ಅಂದ್ರ ಬಂಡಿ ತಗೊಂಡು ಬರತೇನಿ.”

ಓದಿದೆ, ಮಡಚಿದೆ, ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ. ಮರುದಿನ ಉತ್ತರವನ್ನೂ ಬರೆದೆ — ಅತ್ತೆಯ ಹೆಸರಿನಲ್ಲಿ! — ಹೆರಿಗೆ ಇಲ್ಲೇ ಆಗಲಿ, ತಾವು ಬರುವುದು ಬೇಡ ಎಂದು. ನಿನಗೂ ಅತ್ತೆಗೂ ಯಾವ ಕಾಗದವೂ ಬಂದಿಲ್ಲ ಎಂದೆ. ಬೀಗರಿಗೆ ಇಷ್ಟೂ ರೀತಿ ಗೊತ್ತಿಲ್ಲವೇ ಎಂದು ಅತ್ತೆ ಸಿಡುಕಿದರು.

ಯಾಕೆ ಹಾಗೆ ಮಾಡಿದೆ? ಮದುವೆಯಾಗಿ ಒಂಬತ್ತು ವರ್ಷವಾದರೂ ಮಡಿಲು ತುಂಬದ ನನಗೆ ಆ ಕೂಸನ್ನು ಮೊದಲು ಎತ್ತಿಕೊಳ್ಳುವ ಆಸೆಯೇ? ತಾಯಿಯಿಲ್ಲದ ನನಗೆ, ನಿನಗಾಗಿ ಒಬ್ಬ ತಾಯಿ ಬಂಡಿ ಕಟ್ಟಿಸಿಕೊಂಡು ಬರುವುದು ನೋಡಲಾಗಲಿಲ್ಲವೇ? ಒಮ್ಮೆ ಇದೆನಿಸುತ್ತದೆ, ಒಮ್ಮೆ ಅದು. ಎರಡೂ ಅಲ್ಲದೆ ಬರೀ ಹೊಟ್ಟೆಕಿಚ್ಚೂ ಇರಬಹುದು... ಇಂದಿಗೂ ನನಗೆ ತಿಳಿಯದು.

ದಿನ ತುಂಬಿ ಒಂದು ಮುಂಜಾನೆ ನಿನಗೆ ಹೆರಿಗೆಯ ಬ್ಯಾನಿ ಸುರುವಾದವು. ಸೂಲಗಿತ್ತಿ ಫಕೀರವ್ವ ಬಂದಳು. ಮೊದಮೊದಲು ಎಲ್ಲ ಸರಿಯಿತ್ತು. ಆದರೆ ಬಾಗಿಲು ಕಿರುಗುಟ್ಟಿದಾಗೊಮ್ಮೆ ನೀನು ಕತ್ತೆತ್ತಿ, “ನಮ್ಮವ್ವ ಬಂದ್ಲೇನಕ್ಕಾ?” ಎನ್ನುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಬ್ಯಾನಿ ನಿಂತೇಬಿಟ್ಟವು. ಫಕೀರವ್ವ ನಮ್ಮ ಕಡೆ ತಿರುಗಿ, “ಮನ್ಯಾಗ ಬೀಗಾ, ಗಂಟಾ ಏನಿದ್ರೂ ಬಿಚ್ಚರಿ, ಲಗೂ!” ಎಂದಳು. ಹೆರಿಗೆ ತಡೆದರೆ ಹಾಗೆ ಮಾಡುವುದು ಪದ್ಧತಿ. ಅತ್ತೆ ಕಪಾಟು, ಕಾಳಿನ ಕೋಣೆ ಎಲ್ಲ ತೆರೆದರು, ನಿನ್ನ ಹೆರಳು ಬಿಚ್ಚಿದರು, ಕರುವಿನ ಹಗ್ಗವನ್ನೂ ಬಿಟ್ಟರು. ನನ್ನ ಟ್ರಂಕಿನ ಬೀಗ ಮಾತ್ರ ಹಾಗೇ ಇತ್ತು. ತೆಗೆದು, ಕಾಗದ ಕಂಡು, ಇದು ಯಾರದೆಂದು ಕೇಳಿಬಿಟ್ಟರೆ —

“ಎಲ್ಲಾ ತಗದ್ರೇನಕ್ಕಾ?” ನೀನು ನನ್ನ ಕೈ ಹಿಡಿದು ಕೇಳಿದೆ.

“ಎಲ್ಲಾ ತಗದೇವಿ” ಎಂದೆ.

ನೀನು ನನ್ನ ಮುಖವನ್ನೇ ನೋಡಿದೆ. ಏನು ಕಂಡೆಯೋ... ನನ್ನ ಕೈ ಬಿಟ್ಟು ಗೋಡೆಯ ಕಡೆ ತಿರುಗಿಕೊಂಡೆ.

ಫಕೀರವ್ವ ನಮ್ಮನ್ನೆಲ್ಲ ಹೊರಗಟ್ಟಿದಳು. “ಇವತ್ತ ನಾನ ನಿಮ್ಮವ್ವ. ನಿನ್ನ ಬಿಟ್ಟು ಎಲ್ಲೂ ಹೋಗೂದಿಲ್ಲ ಮಗಳ” ಎಂದದ್ದು ಬಾಗಿಲಾಚೆ ನಿಂತ ನನಗೆ ಕೇಳಿಸಿತು. ನಾನು ಓಡಿಹೋಗಿ ಟ್ರಂಕಿನ ಬೀಗ ತೆಗೆದೆ. ಒಳಗೆ ನಿನಗೆ ಬ್ಯಾನಿ ಮರಳಿದ್ದವು. ಹೊತ್ತು ಇಳಿಯುವ ಮೊದಲೇ ಶಾಂತಾ ಹುಟ್ಟಿದಳು.

ಬೀಗಕ್ಕೂ ಬಸಿರಿಗೂ ಏನು ಸಂಬಂಧವೆಂದು ಮೊದಲೆಲ್ಲ ನಕ್ಕವಳು ನಾನು. ಆದರೆ ಅಂದು... ಫಕೀರವ್ವನನ್ನೇ ಕೇಳಿದೆ. ಆಕೆ ಕೈ ತೊಳೆಯುತ್ತ, “ಬೀಗ ಅಲ್ಲಬೇ ಎವ್ವಾ, ಅಕಿ ಅಂಜಿದ್ಲು. ಧೈರ್ಯ ಬಂತು, ಬ್ಯಾನಿ ಬಂದ್ವು. ಅಷ್ಟ” ಎಂದಳು. ಹಾಗಾದರೆ ನಿನ್ನನ್ನು ಅಂಜಿಸಿದವಳು ನಾನಲ್ಲದೆ ಮತ್ತಾರು? ಆ ದಿನ ನೀವಿಬ್ಬರೂ ಹೋಗಿಬಿಟ್ಟಿದ್ದರೆ! ಅಯ್ಯೋ, ಅದನ್ನು ಪೂರ್ತಿ ನೆನೆಯಲೂ ನನ್ನಿಂದಾಗದು.

ತೊಟ್ಟಿಲ ದಿನ ನಿನ್ನ ಅವ್ವ ಬಂದಳು. ನೀನು ಮುಖ ತಿರುಗಿಸಿದೆ, ಅತ್ತೆಯೂ ಸಿಟ್ಟಿನಲ್ಲಿ ಆಕೆಯನ್ನು ಮಾತಾಡಿಸಲಿಲ್ಲ. ಬೀಗರು ಬೇಡವೆಂದದ್ದಕ್ಕೆ ನಿನ್ನದೂ ಒಪ್ಪಿಗೆಯಿತ್ತೆಂದು ಆಕೆ ತಿಳಿದಳು, ಏನೂ ಕೇಳದೆ ಸಂಜೆಗೆ ಹೊರಟುಹೋದಳು. ನಿಮ್ಮಿಬ್ಬರ ನಡುವೆ ನಾನು ಸಕ್ಕರೆ ಹಂಚುತ್ತ ಓಡಾಡಿದೆ.

ಹನ್ನೆರಡು ವರ್ಷ ಕಳೆದವು. ನಿನ್ನೆ ಹೆಬಸೂರಿನಿಂದ ನಿನ್ನ ತಮ್ಮ ಬಂದು, ಅವ್ವ ಹಾಸಿಗೆ ಹಿಡಿದಿದ್ದಾಳೆ, ನಿನ್ನ ಹೆಸರು ಹಿಡಿದು ಕರೆಯುತ್ತಾಳೆ ಎಂದ. ನೀನು ರೇಶನ್ನಿನ ಜೋಳ ಹಸನು ಮಾಡುತ್ತ, ತಲೆ ಎತ್ತದೆ, “ನಾ ಬ್ಯಾನಿ ತಿನ್ನೂವಾಗ ಅಕಿ ಬಂದಿದ್ಲೇನು? ಈಗ ನಾ ಯಾಕ ಹೋಗ್ಲಿ?” ಎಂದೆ. ನಾನು ಅಲ್ಲೇ ಕುಳಿತಿದ್ದೆ. ಆಗಲೂ ಬಾಯಿ ಬಿಡಲಿಲ್ಲ, ನೀಲಾ.

ಬಾಯಿಂದ ಹೇಳಹೋದರೆ ಎಲ್ಲೋ ಒಂದು ಕಡೆ ನುಣುಚಿಕೊಳ್ಳುತ್ತೇನೆ, ಅದಕ್ಕೇ ಬರೆದಿದ್ದೇನೆ. ನಿನ್ನ ಕಾಗದಗಳನ್ನೆಲ್ಲ ಇಷ್ಟು ವರ್ಷ ಓದಿ ಹೇಳಿದವಳು ನಾನು. ಇವನ್ನೂ ನಾನೇ ಓದುತ್ತೇನೆ — ಮೊದಲು ನಿನ್ನ ಅವ್ವನದು, ಆಮೇಲೆ ನನ್ನದು. ಅತ್ತೆಯ ಎದುರಿಗೇ ಓದುತ್ತೇನೆ. ನಾಳೆ ಮುಂಜಾನೆಗೆ ಬಂಡಿ ಹೇಳಿ ಬಂದಿದ್ದೇನೆ. ಹನ್ನೆರಡು ವರ್ಷದ ಹಿಂದೆ ನಾನು ತಡೆದ ಬಂಡಿ ಅದು. ನನ್ನನ್ನು ಬೈಯುವುದಿದ್ದರೆ ಬಂದ ಮೇಲೆ ಬೈಯಿ. ಮೊದಲು ನಿನ್ನ ಅವ್ವನ ಬಾಜೂಕ ಹೋಗಿ ಕೂಡು.