ತಪ್ಪ ನಂದ ಅಂದ ಕಾಕಾ

ದೇಶಪಾಂಡೆ ನಗರದ ವಕೀಲರ ಕಚೇರಿಯಲ್ಲಿ ಅಂದು ನಾವು ಐದು ಜನ: ವಕೀಲರು, ಊರುಗೋಲನ್ನು ಗೋಡೆಗೆ ಆನಿಸಿ ಕುಳಿತ ನನ್ನ ಕಾಕಾ, ಕಾಕು, ನಾನು, ಬಾಗಿಲ ಹತ್ತಿರ ಕುರ್ಚಿಯ ತುದಿಯಲ್ಲಿ ಭಾಭಿ. ಭಾಭಿ ಎಂದರೆ ಕಾಕಾನ ಗೆಳೆಯನಾಗಿದ್ದ ಮೆಕ್ಯಾನಿಕ್‌ನ ಹೆಂಡತಿ. ಗೆಳೆಯ ತೀರಿಹೋಗಿ ಎಂಟು ತಿಂಗಳಾಗಿತ್ತು; ಭಾಭಿ ರೈಲ್ವೆಯ ಮೇಲೆ ಹಾಕಿದ ಪರಿಹಾರದ ಕೇಸಿಗೆ ಕಾಕಾನೇ ಸಾಕ್ಷಿ.

ತಾರಿಹಾಳದ ಕಾರ್ಖಾನೆಗಳ ಸಾಮಾನು ಹೇರುವ ಟೆಂಪೋ ಕಾಕಾನದು. ಅಪಘಾತದ ದಿನ ಬೆಳಿಗ್ಗೆ ಗೆಳೆಯನನ್ನೂ ಪಕ್ಕಕ್ಕೆ ಕೂರಿಸಿಕೊಂಡು ಹೊರಟಿದ್ದ. ಊರ ಹೊರಗಿನ ರೈಲ್ವೆ ಗೇಟು ತೆರೆದೇ ಇತ್ತು. ಟೆಂಪೋ ಹಳಿ ಏರಿದ್ದೇ ತಡ, ರೈಲು ಬಂದು ಎಡಮಗ್ಗುಲಿಗೆ ಹೊಡೆಯಿತು. ಗೆಳೆಯ ಕುಳಿತದ್ದು ಆ ಮಗ್ಗುಲಲ್ಲೇ.

ಮೂರನೆಯ ದಿನ, ಕಾಲು ಮುರಿದು ಮಲಗಿದ್ದ ಕಾಕಾನನ್ನು ನೋಡಲು ಭಾಭಿ ಆಸ್ಪತ್ರೆಗೆ ಬಂದಳು. ಕಂಡದ್ದೇ ಕಾಕಾ ಕೈಮುಗಿದು, "ತಪ್ಪ ನಂದವಾ ತಂಗಿ, ತಪ್ಪೆಲ್ಲಾ ನಂದ" ಎಂದು ಅತ್ತ. ಸಾವಾದ ಮನೆಯವರ ಮುಂದೆ ನಮ್ಮ ಹಿರಿಯರು ಮಾತು ತೆಗೆಯುವುದೇ ಹೀಗೆ. ಯಾರಾದರೂ ಜ್ವರದಿಂದ ಸತ್ತರೂ, "ನಾವ ಲಗೂ ತೋರಸಬೇಕಾಗಿತ್ತು" ಎಂದು ಮೊದಲು ತಮ್ಮ ಮೇಲೆ ಹಾಕಿಕೊಂಡು ಆಮೇಲೆ ಸಮಾಧಾನ ಹೇಳುತ್ತಾರೆ. ನಾನು ಮಾತು ಕಲಿತದ್ದೂ ಅವರಿಂದಲೇ. ಆದರೆ ಅಂದು ಮಂಚದ ಇನ್ನೊಂದು ಮಗ್ಗುಲಲ್ಲಿ, ರೈಲ್ವೆ ವಿಚಾರಣೆಗೆ ಬಂದ ಸಾಹೇಬರೊಬ್ಬರು ಕಾಗದ ಹಿಡಿದು ಕುಳಿತಿದ್ದರು. ಬರೆದುಕೊಂಡರು, ಓದಿ ಹೇಳಿದರು. ಭಾಭಿಯ ಎದುರಿಗೆ ಅಲ್ಲ ಎನ್ನಲಾರದೆ ಕಾಕಾ ಸಹಿ ಹಾಕಿದ.

ವಕೀಲರು ಆ ಕಾಗದದ ಪ್ರತಿಯನ್ನು ಮೇಜಿನ ಮೇಲಿಟ್ಟರು. "ಗೇಟ್ ತಗದದ ಅಂದ್ರ ಹೋಗ್ರಿ ಅಂದಂಗ. ಜವಾಬ್ದಾರಿ ರೈಲ್ವೇದು. ಆದ್ರ ಗೇಟಿನಾಂವ ಹಾಕಿದ್ದೆ ಅಂತಾನ, ನೀವು ಮುರದು ನುಗ್ಗೀರಿ ಅಂತಾನ. ಅಲ್ಲ ಅನ್ನಾಕ ಉಳದವರು ನೀವೊಬ್ರ. ನೀವು ನೋಡಿದ್ರ ತಪ್ಪ ನಂದ ಅಂತ ಬರದ ಕೊಟ್ಟೀರಿ!"

"ಬರದವರು ಅವರರಿ, ಇವರಲ್ಲ," ಎಂದಳು ಕಾಕು.

"ಸಹಿ ಯಾರದವಾ? ನನ್ನದಂತೂ ಅಲ್ಲ."

ಭಾಭಿ ಮೆಲ್ಲಗೆ ಕೇಳಿದಳು, "ತಪ್ಪ ಇವರದ ಅಂತಾದ್ರ ನಮಗ ಯಾರ ಕೊಡತಾರ್ರಿ, ಸಾಹೇಬ್ರ?"

"ರೈಲ್ವೆಯವರು ಕೊಡೂದಿಲ್ಲ. ಸಾಮಾನಿನ ಗಾಡ್ಯಾಗ ಸುಮ್ನ ಕುಂತು ಹೊಂಟವರಿಗೆ ವಿಮಾದವರೂ ಕೊಡೂದಿಲ್ಲ. ಉಳದವರು ಇವರೊಬ್ರ."

ಎಲ್ಲರೂ ಕಾಕಾನನ್ನು ನೋಡಿದೆವು. ಭಾಭಿ ಎದ್ದು ಅವನ ಮುಂದೆ ಬಂದಳು.

"ಅಣ್ಣಾ, ಗೇಟ್ ತಗದಿತ್ತು ಅಂತ ಅಷ್ಟ ಹೇಳ್ರಿ. ಖರೇನ ಅದ. ಇನ್ನೊಂದ ಮಾತ ಬ್ಯಾಡ. ಎರಡ ಮಕ್ಕಳದಾವ ನನಗ."

"ಹೇಳ್ತೇನವಾ. ಅಷ್ಟ ಹೇಳ್ತೇನಿ."

ಮುಂದೆ ತಿಂಗಳಿಡೀ ನಮ್ಮ ಮನೆಯಲ್ಲಿ ಅದೇ ಪಾಠ. ನಾನು ರೈಲ್ವೆ ವಕೀಲನಾಗಿ ಗದರಿಸಿ ಕೇಳುತ್ತಿದ್ದೆ. ಬಾಯಲ್ಲಿ ರೊಟ್ಟಿ ಇದ್ದರೂ ಕಾಕಾ, "ಗೇಟ್ ತಗದಿತ್ರಿ" ಎನ್ನುತ್ತಿದ್ದ. ಒಮ್ಮೆಯೂ ತಪ್ಪಲಿಲ್ಲ.

ಕೋರ್ಟಿನಲ್ಲೂ ಅದನ್ನೇ ಗಟ್ಟಿಯಾಗಿ ಹೇಳಿದ. ನನ್ನ ಪಕ್ಕದಲ್ಲಿದ್ದ ಭಾಭಿ ಬಿಗಿಹಿಡಿದ ಉಸಿರು ಬಿಟ್ಟಳು. ಎದುರಿನ ವಕೀಲರು ನಾನು ಗದರಿಸಿದ ಹಾಗೆ ಗದರಿಸಲಿಲ್ಲ. ಮನೆಯವರಂತೆ ಕೇಳಿದರು, "ಹಳಿ ಏರೂ ಮೊದಲ ಎರಡೂ ಕಡೆ ನೋಡಿದ್ರೇನ್ರಿ, ಹಿರಿಯಾರ?"

ಕಾಕಾ ಭಾಭಿಯ ಕಡೆ ನೋಡಿದ. ಬೇಡ ಎಂದು ನಾನು ಕುಳಿತಲ್ಲಿಂದಲೇ ತಲೆಯಾಡಿಸಿದೆ.

"ಇಲ್ರಿ. ಇಬ್ರೂ ಮಾತಾಡಕೋತ ಹೊಂಟಿದ್ವಿ. ನಾ ನೋಡಬೇಕಾಗಿತ್ರಿ. ತಪ್ಪ ನಂದ."

ನ್ಯಾಯಾಧೀಶರು ಅದನ್ನೂ ಬರೆಸಿದರು.

ಹೊರಗೆ ಬಂದ ಮೇಲೆ ಕಾಕು ಜನರ ನಡುವೆಯೇ ಕೂಗಿದಳು. "ಆಸ್ಪತ್ರ್ಯಾಗ ಸಮಾಧಾನಕ್ಕ ಅಂದ್ರಿ. ಇಲ್ಲಿ ಯಾರ ಸಮಾಧಾನಕ್ಕ ಅಂದ್ರಿ?"

ರೈಲ್ವೆಯ ಹೊಣೆ ಇಲ್ಲ ಎಂದು ತೀರ್ಪು ಬಂತು. ಕೊಡಬೇಕಾದವನು ಕಾಕಾ, ಅವನಲ್ಲಿ ಜಜ್ಜಿಹೋದ ಟೆಂಪೋ ಬಿಟ್ಟರೆ ಏನಿತ್ತು? ಮುಂದಿನ ತಿಂಗಳು ಭಾಭಿ ಗಬ್ಬೂರಿನ ಬಾಡಿಗೆ ಮನೆ ಬಿಟ್ಟು, ಮಕ್ಕಳನ್ನು ಕರೆದುಕೊಂಡು ತವರಿಗೆ ಹೊರಟಳು. ಕಾಕಾ ಬಸ್‌ಸ್ಟ್ಯಾಂಡಿಗೆ ಹೋಗಿ, ಬಸ್ಸು ಬರುವ ತನಕ ಆಕೆಯ ಹಾಸಿಗೆ ಗಂಟಿನ ಪಕ್ಕದಲ್ಲಿ ನಿಂತಿದ್ದ. ಬಸ್ಸು ಬಂದಾಗ ಗಂಟಿಗೆ ಕೈ ಹಾಕಿದ. ಭಾಭಿ ಅದನ್ನು ಬಿಡಿಸಿಕೊಂಡು, ತಾನೇ ಎತ್ತಿ ಹತ್ತಿದಳು.