ಬೆಳಕಿನಲ್ಲಿ ಹೆಸರು ಬರೆದ ಹಪ್ಪಳ

ಕಾಪುವಿನ ಶೇಖರನಿಗೆ ಹೆಸರು ಬರೆಯುವುದೇ ಉದ್ಯೋಗ. ಉಡುಪಿಯ ಒಂದು ಪಾತ್ರೆ ಅಂಗಡಿಯ ಬಾಗಿಲಲ್ಲಿ ಸ್ಟೂಲು ಹಾಕಿ ಕೂತು, ಗುಂಯ್ ಎಂದು ನಡುಗುವ ಮೊನೆಯ ಮಿಷನ್ನು ಹಿಡಿದು, ಸ್ಟೀಲಿನ ಚೆಂಬು, ಕೊಡಪಾನ, ಬಟ್ಟಲುಗಳ ಮೇಲೆ ಯಾರ್ಯಾರದೋ ಹೆಸರು, ಮನೆತನ, ಮದುವೆಯ ತಾರೀಕು ಕೆತ್ತುತ್ತ ಕೆತ್ತುತ್ತಲೇ ಅವನ ಮೀಸೆ ಬೆಳ್ಳಗಾಯಿತು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅಕ್ಷರ ಮಾತ್ರ ನೂಲು ಹಿಡಿದ ಹಾಗೆ ನೇರ.

ಆದರೆ ಅವನಿಗೊಂದು ಚಟವಿತ್ತು. ಯಾವ ವಸ್ತು ಕಂಡರೂ, ಇದರ ಮೇಲೆ ಬರೆದರೆ ಏನಾಗುತ್ತದೆ ಎಂದು ನೋಡದೆ ಬಿಡುತ್ತಿರಲಿಲ್ಲ. ಮಟ್ಟುಗುಳ್ಳ ಬದನೆಯ ಮೇಲೆ ಬರೆದ, ತೆಂಗಿನ ಗೆರಟೆಯ ಮೇಲೆ ಬರೆದ. ಒಮ್ಮೆ ಉಚ್ಚಿಲದಲ್ಲಿರುವ ತಂಗಿ ಸುಗಂಧಿಯ ಹೊಸ ಫ್ರಿಜ್ಜಿನ ಬಾಗಿಲ ಮೇಲೆ ಭಾವನ ಹೆಸರು ಕೆತ್ತಿಬಿಟ್ಟ. ಅವಳು ಒಂದಿಡೀ ಮಳೆಗಾಲ ಅವನ ಜೊತೆ ಮಾತು ಬಿಟ್ಟಳು. ಆ ಮಳೆಗಾಲ ಅವನಿಗೆ ಊಟವೇ ರುಚಿಸಲಿಲ್ಲ. ತಾಯಿ ಹೋದ ಮೇಲೆ ಅವನಿಗೆ ತವರೂ ಅವಳೇ, ಬೈಯುವವಳೂ ಅವಳೇ.

ಪಾತ್ರೆ ಅಂಗಡಿ ಮುಚ್ಚಿದ ಮೇಲೆ ಅವನು ಮಣಿಪಾಲದಲ್ಲಿ ಬ್ರ್ಯಾಂಡನ್‌ನ ಅಂಗಡಿಗೆ ಸೇರಿದ. ಕಾಲೇಜುಗಳಿಗೆ ಟ್ರೋಫಿ, ಮನೆಗಳಿಗೆ ನಾಮಫಲಕ ಮಾಡುವ ಅಂಗಡಿ. ಅಲ್ಲಿ ಗಾಜಿನ ಮುಚ್ಚಳದ ಒಂದು ದೊಡ್ಡ ಪೆಟ್ಟಿಗೆ, ಅದರೊಳಗೆ ಲೇಸರ್. ಕಂಪ್ಯೂಟರಿನಲ್ಲಿ ಹೆಸರು ಹಾಕಿದರೆ ಸಾಕು, ಕಣ್ಣಿಗೆ ಕಾಣದ ಬೆಳಕು ಮರದ ಹಲಗೆಯ ಮೇಲೆ ಓಡಾಡಿ ಬರೆದುಬಿಡುತ್ತದೆ. ಕೈಯೇ ಮುಟ್ಟದ ಬರಹ ಬರಹವಾ ಎಂದು ಮೊದಮೊದಲು ಶೇಖರನಿಗೆ ಅದರ ಮೇಲೆ ಎಲ್ಲಿಲ್ಲದ ಸಿಟ್ಟು. ಆಮೇಲೆ ಒಂದು ದಿನ, ಮರ ಕೆಂಪಾಗಿ ಕಂದಾಗುವುದನ್ನು ನೋಡುತ್ತ ನಿಂತವನಿಗೆ ಕಾವಲಿಯ ಮೇಲೆ ದೋಸೆ ಕೆಂಪಾಗುವುದು ನೆನಪಾಯಿತು. ಮರ ಸುಡುವ ಬೆಳಕು ಮೀನು ಸುಡುವುದಿಲ್ಲವೇ?

"ಎಂತ ಬೇಕಾದರೂ ಸುಡಿ, ಪೆಟ್ಟಿಗೆ ಒರೆಸಿ ಕೊಡಿ ಸಾಕು," ಎಂದ ಬ್ರ್ಯಾಂಡನ್ ನಗುತ್ತ. "ಮೀನು ಬೆಂದರೆ ನನಗೂ ಒಂದು ಇಡಿ ಮಾರಾಯ್ರೆ."

ಮೀನು ಬೇಯಲಿಲ್ಲ. ಬಂಗುಡೆಯ ಚರ್ಮ ಕರಟಿ ಅಂಗಡಿಯೆಲ್ಲ ನಾತ ತುಂಬಿತು. ಚರ್ಮದ ಕೆಳಗಿನ ಮಾಂಸ ಕಡಲಿನಿಂದ ಈಗಷ್ಟೇ ತಂದ ಹಾಗೆ ಹಸಿಯಾಗಿಯೇ ಇತ್ತು. ನೀರುದೋಸೆಯ ಹಿಟ್ಟು ಬರೀ ಹಬೆ ಬಿಟ್ಟು ಸುಮ್ಮನಾಯಿತು. ಮೊಟ್ಟೆಯ ಬಿಳಿಯಲ್ಲಿ ಮಾತ್ರ ಒಂದು ಚಂದ ಕಂಡಿತು: ನೀರಿನಂತಿದ್ದ ಲೋಳೆಯೊಳಗೆ ಬೆಳಕು ಹೋದ ದಾರಿಯಲ್ಲೇ ಬಿಳಿ ನೂಲು ಮೂಡುತ್ತ ಹೋಯಿತು. ಶೇಖರ ಚಹಾ ಮರೆತು ಅದನ್ನು ನೋಡಿದ. ನೀರಿದ್ದಲ್ಲಿ ಬೆಳಕಿನ ಕಸುವೆಲ್ಲ ನೀರು ಕಾಯುವುದಕ್ಕೇ ಖರ್ಚಾಗುತ್ತದೆ, ದಪ್ಪ ಇದ್ದಲ್ಲಿ ಮೇಲ್ಮೈಯಲ್ಲೇ ಮುಗಿಯುತ್ತದೆ ಎಂದು ಅವನಿಗೆ ಅಂದಾಜಾಯಿತು. ಹಾಗಾದರೆ ತೆಳುವಾದದ್ದು, ಒಣಗಿದ್ದು ಬೇಕು. ಅಂಥದ್ದು ಹಪ್ಪಳ. ಹಪ್ಪಳವೆಂದರೆ ಸುಗಂಧಿ.

ಸುಗಂಧಿಯ ಹಲಸಿನ ಹಪ್ಪಳಕ್ಕೆ ಉಚ್ಚಿಲದಲ್ಲಿ ಹೆಸರುಂಟು. ಆ ವರ್ಷ ಮಗಳು ಅಕ್ಷಿತಾಳ ಮದುವೆಗೆಂದೇ ಬೇಸಿಗೆಯಿಡೀ ತಟ್ಟಿ, ತಾರಸಿಯಲ್ಲಿ ಒಣಗಿಸಿ, ಡಬ್ಬಗಳಲ್ಲಿ ತುಂಬಿಟ್ಟಿದ್ದಳು. ಅದರಿಂದ ಕೆಲವನ್ನು ಶೇಖರ ಕೇಳಿ ತಂದ.

ಮೊದಲನೆಯದು ಪೆಟ್ಟಿಗೆಯಲ್ಲಿ ಕೊರೆದ ನಾಮಫಲಕಗಳ ಪ್ಲಾಸ್ಟಿಕ್ಕಿನ ವಾಸನೆ ಹೊಡೆಯಿತು. ಪೆಟ್ಟಿಗೆಯನ್ನು ತಿಕ್ಕಿ ತೊಳೆದು, ಅಡಿಗೆ ಬಾಳೆಲೆ ಹಾಸಿದ. ಎರಡನೆಯದರಲ್ಲಿ ಅಕ್ಷರವಿದ್ದಷ್ಟು ಜಾಗ ಬೊಬ್ಬೆಯೆದ್ದು ಬೆಂದಿತು, ಉಳಿದದ್ದು ಚಪ್ಪಲಿಯ ಅಟ್ಟೆಯ ಹಾಗೆ ಹಸಿಯಾಗಿ ಉಳಿಯಿತು. ಹಪ್ಪಳ ದೋಣಿಯಂತೆ ಸೊಟ್ಟಗಾಯಿತು. ಮಸೂರವನ್ನು ಮೇಲಕ್ಕೆತ್ತಿ ಬೆಳಕನ್ನು ಅಗಲ ಮಾಡಿ ಇಡೀ ಹಪ್ಪಳ ಸುಟ್ಟು ನೋಡಿದ. ಗರಿಗರಿ ಆಯಿತು, ಆದರೆ ಒಂದಕ್ಕೇ ಅಷ್ಟು ಹೊತ್ತು ಹಿಡಿದರೆ ಮದುವೆ ಮುಗಿದು ಮದುಮಗಳು ಬಾಣಂತನಕ್ಕೆ ಬರುತ್ತಾಳೆ. ಅಲ್ಲದೆ ಕೆಂಡದ ಪರಿಮಳ ಒಂದಿಷ್ಟೂ ಇಲ್ಲ. ಕಡೆಗೆ ದಾರಿ ಸಿಕ್ಕಿತು: ಹಪ್ಪಳವನ್ನು ಗೆರಟೆಯ ಕೆಂಡದಲ್ಲಿ ಸುಟ್ಟು, ಬಿಸಿಯಿರುವಾಗಲೇ ಹಲಗೆಯಡಿ ಒತ್ತಿ ಚಪ್ಪಟೆ ಮಾಡಿ, ಆಮೇಲೆ ಬೆಳಕಿನಲ್ಲಿ ಬರೆಯುವುದು. ಹೊನ್ನಿನ ಬಣ್ಣದ ಹಪ್ಪಳದ ನಡುವೆ ಕಾಫಿ ಬಣ್ಣದಲ್ಲಿ 'ಅಕ್ಷಿತಾ – ಸುಕೇಶ್' ಎಂದು ಮೂಡಿದಾಗ ಅವನಿಗೇ ನಂಬಿಕೆ ಬರಲಿಲ್ಲ.

ಸುಗಂಧಿ ಅದನ್ನು ಬೆಳಕಿಗೆ ಹಿಡಿದು ನೋಡಿದಳು, ಮೂಸಿದಳು. ಕಣ್ಣಿನ ಆಪರೇಶನ್ನಿಗೆ ಹಾಕುವ ಲೇಸರನ್ನು ಹಪ್ಪಳಕ್ಕೆ ಹಾಕಿ ತಿನ್ನುವುದು ಹೇಗೆ ಎಂದು ಕೇಳಿದಳು. ತಾರಸಿಯಲ್ಲಿ ಒಣಗಿಸಿದ ಹಪ್ಪಳದಲ್ಲಿ ಬಿಸಿಲು ಕೂತಿರುತ್ತದಾ, ಇದೂ ಹಾಗೆಯೇ ಎಂದು ಶೇಖರ ವಿವರಿಸಿದ. ಅವಳು ಡಬ್ಬಗಳನ್ನು ಅವನ ಮುಂದೆ ತಳ್ಳಿದಳು.

"ಅಣ್ಣಾ, ಇದು ನನ್ನ ಮಗಳ ಮದುವೆಗೆ ನನ್ನ ಕೈಯಲ್ಲಿ ತಟ್ಟಿದ್ದು. ಒಂದೇ ಒಂದು ಹಪ್ಪಳ ಎಲೆಯಲ್ಲಿ ಉಳಿಯಬಾರದು. ಉಳಿದರೆ ಮತ್ತೆ ನೀನು ನನ್ನ ಮೆಟ್ಟಿಲು ಹತ್ತಬೇಡ."

ತಮಾಷೆಗೆ ಹೇಳುವ ಜನ ಅವಳಲ್ಲ. ಫ್ರಿಜ್ಜು ಇನ್ನೂ ಅಡುಗೆಕೋಣೆಯಲ್ಲೇ ನಿಂತಿತ್ತು.

ಮದುವೆ ಕಾಪುವಿನ ಕಲ್ಯಾಣಮಂಟಪದ ಹಾಲಿನಲ್ಲಿ. ಮೊದಲ ಪಂಕ್ತಿಗೆ ಗಂಡಿನ ಕಡೆಯವರು, ಕಾರ್ಕಳದವರು, ಕೂತರು. ಎಲೆ ಎಲೆಗೂ ಹಪ್ಪಳ ಬಿತ್ತು. ಫೋನುಗಳು ಹೊರಗೆ ಬಂದವು, ಫೋಟೋ ತೆಗೆದದ್ದೇ ತೆಗೆದದ್ದು. ಶೇಖರ ಕಂಬಕ್ಕೆ ಒರಗಿ ನಿಂತ. ಅನ್ನ ಬಂತು, ಸಾರು ಬಂತು. ಹಪ್ಪಳ ಮುರಿಯುವ ಸದ್ದಿಗೆ ಅವನು ಕಿವಿ ಕೊಟ್ಟಿದ್ದ. ಸದ್ದೇ ಇಲ್ಲ.

ಮದುಮಗನ ಸೋದರಮಾವ ಹಪ್ಪಳದ ಮೇಲೆ ಅಂಗೈ ಇಟ್ಟು ಒತ್ತಬೇಕೆನ್ನುವಾಗ ಕೈ ತಡೆದಿದ್ದರು. ಅದನ್ನೆತ್ತಿ ಎಲೆಯ ತುದಿಗೆ ಇಟ್ಟರು.

"ಮದುಮಕ್ಕಳ ಹೆಸರನ್ನು ಮದುವೆಯ ದಿನವೇ ಪುಡಿ ಮಾಡುವುದುಂಟಾ?"

ಜೋರಾಗೇನೂ ಹೇಳಲಿಲ್ಲ. ಆದರೂ ಮಾತು ಸಾಲಿನ ಕೊನೆಯವರೆಗೆ ಹೋಯಿತು. ಒಬ್ಬೊಬ್ಬರಾಗಿ ಎಲ್ಲರೂ ಹಪ್ಪಳವನ್ನು ಬದಿಗೆ ಸರಿಸಿದರು. ಬುಟ್ಟಿ ಹಿಡಿದು ಬರುತ್ತಿದ್ದ ಸುಗಂಧಿ ಅಲ್ಲೇ ನಿಂತಳು. ಅವಳು ಅಣ್ಣನನ್ನು ನೋಡಿದ ನೋಟಕ್ಕಿಂತ ಆ ಬೆಳಕಿನ ಪೆಟ್ಟಿಗೆಯೇ ವಾಸಿ.

ಶೇಖರ ಕಂಬ ಬಿಟ್ಟು ಮುಂದೆ ಬಂದ. ಏನಾದರೂ ಹೇಳಿಬಿಡಬೇಕೆಂದು ಬಾಯಿ ತೆರೆದ. ಅಲ್ಲೇ ಮುಚ್ಚಿದ. ಆ ಮನುಷ್ಯ ಹೇಳಿದ್ದರಲ್ಲಿ ತಪ್ಪೆಲ್ಲಿದೆ? ಆಯುಷ್ಯವಿಡೀ ಒಡೆಯದ ವಸ್ತುಗಳ ಮೇಲೆ ಹೆಸರು ಬರೆದವನು, ಒಡೆಯುವುದಕ್ಕೆಂದೇ ಇರುವ ವಸ್ತುವಿನ ಮೇಲೆ ಬರೆಯುವಾಗ ಒಂದು ಸಲವಾದರೂ ಯೋಚಿಸಬೇಕಿತ್ತು. ಹಪ್ಪಳ ಸೊಟ್ಟಗಾಗದಿರುವುದು ಹೇಗೆ ಎಂಬುದೊಂದೇ ಅವನ ತಲೆಯಲ್ಲಿ ತುಂಬಿತ್ತು.

ಆಗ ಸಾಲಿನ ನಡುವಿನಿಂದ ಮದುಮಗನ ಅಜ್ಜಿ, ವಿನೋದಜ್ಜಿ, ಪಕ್ಕದವಳನ್ನು ಕೇಳಿದರು. ಕಿವಿ ಮಂದವಾದ್ದರಿಂದ ಅವರ ಗುಟ್ಟೂ ಹಾಲಿಗೆಲ್ಲ ಕೇಳುತ್ತದೆ.

"ಇದನ್ನು ತಿನ್ನದಿದ್ದರೆ ಎಂತ ಮಾಡುವುದು?"

ಎಲೆಯಲ್ಲೇ ಬಿಡುವುದು ಎಂದಳು ಪಕ್ಕದವಳು.

"ಎಲೆಯಲ್ಲಿ ಬಿಟ್ಟದ್ದು ಎಂಜಲಿನ ಗುಂಡಿಗೆ ಹೋಗ್ತದೆ, ಅಲ್ವಾ? ನನ್ನ ಪುಳ್ಳಿ ಸುಕೇಶನ ಹೆಸರು ಎಂಜಲಿನ ಗುಂಡಿಗೆ ಹೋಗುವುದು ಒಳ್ಳೆಯದೋ, ನನ್ನ ಹೊಟ್ಟೆಗೆ ಹೋಗುವುದು ಒಳ್ಳೆಯದೋ?"

ಸೋದರಮಾವ ತನ್ನ ಹಪ್ಪಳವನ್ನೇ ನೋಡುತ್ತ ಕೂತರು. ಮುರಿಯುವ ಹಾಗಿಲ್ಲ, ಬಿಡುವ ಹಾಗೂ ಇಲ್ಲ. ಅಜ್ಜಿಯ ಬಾಯಲ್ಲಿ ಹಲ್ಲು ಕಡಿಮೆ. ಅವರಿಗೆ ಹಪ್ಪಳ ತಿನ್ನುವ ದಾರಿ ಬೇರೆಯೇ ಇತ್ತು. ಹಪ್ಪಳವನ್ನು ಇಡಿಯಾಗಿ ಅನ್ನದ ಮೇಲಿಟ್ಟು, ಅದರ ಮೇಲೆ ಬಿಸಿ ಸಾರು ಹೊಯ್ಯಿಸಿಕೊಂಡರು. ಅದು ಮೆತ್ತಗಾಗುವವರೆಗೆ ಆರಾಮವಾಗಿ ಕಾದರು. ಆಮೇಲೆ ಪತ್ರೊಡೆಗೆ ಕೆಸುವಿನೆಲೆ ಸುತ್ತುವ ಹಾಗೆ ಅನ್ನದ ಸಮೇತ ಸುತ್ತಿ, ಮುರಿಯದೆ, ಒಂದೇ ತುತ್ತಿಗೆ ಬಾಯಿಗಿಟ್ಟರು. ಎರಡು ಹೆಸರೂ ಒಟ್ಟಿಗೆ ಒಳಗೆ ಹೋದವು.

ಸಾರಿನವನನ್ನು ಎಲ್ಲ ಕಡೆಯಿಂದಲೂ ಕರೆಯತೊಡಗಿದರು. ಸೋದರಮಾವನೇ ಮೊದಲು. ಅವರ ತುತ್ತು ದೊಡ್ಡದಾಗಿ ಕೆನ್ನೆ ಉಬ್ಬಿ, ಎದುರು ಸಾಲಿನ ಹುಡುಗಿಯರು ಮುಖ ಮುಚ್ಚಿ ನಕ್ಕರು. ಎರಡನೇ ಪಂಕ್ತಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಮೊದಲಿನವರು ಹೊರಗೆ ಹೋಗುತ್ತ ಒಳಗೆ ಬರುವವರಿಗೆ ಕಲಿಸಿದರು. ವಾರಗಟ್ಟಲೆ ಶೇಖರ ಸಾಧಿಸಿದ ಗರಿಗರಿಯನ್ನು ಆ ದಿನ ಹಾಲಿನಲ್ಲಿ ಒಬ್ಬರೂ ಕಚ್ಚಿ ನೋಡಲಿಲ್ಲ.

ಸುಗಂಧಿ ಎಲೆಗಳನ್ನು ಎತ್ತುವ ಮೊದಲು ಸಾಲಿನ ಉದ್ದಕ್ಕೂ ಬಗ್ಗಿ ನೋಡುತ್ತ ನಡೆದಳು. ಹಪ್ಪಳದ ಚೂರೂ ಉಳಿದಿರಲಿಲ್ಲ. ಅವಳು ಬಡಿಸುವ ಕೋಣೆಗೆ ಹೋಗಿ, ತಾನೂ ಒಂದನ್ನು ಸಾರಿಗೆ ಹಾಕಿ, ಮೆತ್ತಗಾಗಿಸಿ, ನಿಂತಲ್ಲೇ ತಿಂದಳು. ಶೇಖರ ಬಾಗಿಲಲ್ಲಿ ನಿಂತು ಬೈಗುಳಕ್ಕೆ ಕಾಯುತ್ತಿದ್ದ. ಅವಳು ಕಣ್ಣು ಸಣ್ಣ ಮಾಡಿ ತುಂಬ ಹೊತ್ತು ಅಗಿದಳು.

"ಅಣ್ಣಾ, ಹಪ್ಪಳವೆಲ್ಲ ಕರಗಿದರೂ ಅಕ್ಷರ ಮಾತ್ರ ನಾಲಿಗೆಗೆ ಬೇರೆಯೇ ಸಿಗ್ತದೆ. ಸ್ವಲ್ಪ ಕಹಿ, ಹಿಂದಿನಿಂದ ಬೆಲ್ಲದ ಹಾಗೆ. ಅದು ಯಾಕೆ?"

ಶೇಖರನಿಗೆ ಗೊತ್ತಿರಲಿಲ್ಲ. ಸಾರಿನಲ್ಲಿ ಹಾಕಿ ಅವನು ತಿಂದೇ ಇರಲಿಲ್ಲ.

"ಎಲೆ ಹಾಕು, ನೋಡುವ," ಎಂದು ಅವನು ಬಡಿಸುವ ಕೋಣೆಯ ನೆಲದಲ್ಲೇ ಕೂತ.